ಒಂದು ಜಿಗಿತದ ಗಣಿತ

ಓಡುತ್ತ, ಜಿಗಿಯುತ್ತ, ಕಂದಕಗಳನ್ನು ದಾಟುತ್ತ ಒಂದು ಕಟ್ಟೆಯಿಂದ ಮತ್ತೊಂದು ಕಟ್ಟೆಗೆ ಸಾಗುವ ಪಾತ್ರವನ್ನು ಆಟಗಾರ ನಡೆಸಬೇಕಾದ ವಿಡಿಯೊ ಗೇಮ್‌ಗಳಿಗೆ ಪ್ಲಾಟ್‌ಫಾರ್ಮರ್ ಎಂದು ಹೆಸರು. ಜಪಾನಿನ ನಿಂಟೆಂಡೊ ಕಂಪನಿ 1981ರಲ್ಲಿ ಹೊರತಂದ ‘ಡಾಂಕಿ ಕಾಂಗ್’ ಈ ಪ್ರಕಾರಕ್ಕೊಂದು ರೂಪ ಕೊಟ್ಟರೆ, 1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಅದನ್ನು ಜಗತ್ತಿನ ಮನೆಮನೆಗೆ ಮುಟ್ಟಿಸಿತು. ಆ ಕಾಲದ ಚಿತ್ರಶೈಲಿಯನ್ನೂ ಸಂಗೀತವನ್ನೂ ಬೇಕೆಂದೇ ಅನುಸರಿಸುವ ‘ರೆಟ್ರೊ’ ಆಟಗಳು ಇಂದಿಗೂ ತಯಾರಾಗುತ್ತಿದ್ದು, ಅವುಗಳಲ್ಲಿ ಹಲವು ಮಾರಾಟಕ್ಕೆ ಮೊದಲೇ ಡೆಮೊ ರೂಪದಲ್ಲಿ, ಅಂದರೆ ಒಂದೆರಡು ಹಂತಗಳನ್ನಷ್ಟೇ ಆಡಲು ಬಿಡುವ ಮಾದರಿಯಾಗಿ, ಜನರ ಕೈಸೇರುತ್ತವೆ. ಇಂಥ ಡೆಮೊವನ್ನು ಆಡುವವರು ಕೆಲವೇ ನಿಮಿಷಗಳಲ್ಲಿ ಅದರ ಬಗ್ಗೆ ಒಂದು ತೀರ್ಮಾನಕ್ಕೆ ಬರುತ್ತಾರೆ. ಆ ತೀರ್ಮಾನದಲ್ಲಿ ಕಣ್ಣಿಗಿಂತ ಬೆರಳಿನ ಪಾಲೇ ದೊಡ್ಡದು.

ಕಣ್ಣಿಗೆ ಮೊದಲು ಬೀಳುವುದು ಚೌಕ ಚೌಕವಾದ ಪಿಕ್ಸೆಲ್‌ಗಳ ಚಿತ್ರಗಳು. ಈ ಶೈಲಿ ಹುಟ್ಟಿದ್ದು ಯಂತ್ರದ ಮಿತಿಯಿಂದ. ಜಪಾನಿನಲ್ಲಿ 1983ರಲ್ಲಿ ಫ್ಯಾಮಿಕಾಮ್ ಎಂಬ ಹೆಸರಿನಿಂದ ಬಂದು, ಎರಡು ವರ್ಷಗಳ ಬಳಿಕ ಅಮೆರಿಕದಲ್ಲಿ ಎನ್‌ಇಎಸ್ ಎನಿಸಿಕೊಂಡ ಯಂತ್ರಕ್ಕೆ ಇದ್ದ ಕೆಲಸದ ಮೆಮೊರಿ ಕೇವಲ 2 ಕಿಲೋಬೈಟ್. ಅದರ ಪರದೆಯ ಅಳತೆ 256×240 ಪಿಕ್ಸೆಲ್. ಅದು ತೋರಿಸಬಲ್ಲ ಬಣ್ಣಗಳು ಸುಮಾರು 54, ಅವುಗಳಲ್ಲೂ ಒಮ್ಮೆಗೆ ಬಳಸಬಹುದಾಗಿದ್ದು 25 ಮಾತ್ರ. ಪಾತ್ರಗಳಂಥ ಚಲಿಸುವ ಚಿತ್ರಗಳನ್ನು ಸ್ಪ್ರೈಟ್ ಎಂಬ ಪುಟ್ಟ ತುಣುಕುಗಳಿಂದ ಜೋಡಿಸಬೇಕಿತ್ತು. ಪರದೆಯ ಒಂದು ಅಡ್ಡಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ಸ್ಪ್ರೈಟ್‌ಗಳು ಕಾಣುವಂತಿರಲಿಲ್ಲವಾದ್ದರಿಂದ ಪ್ರೋಗ್ರಾಮ್ ಬರೆಯುವವರು ಅವುಗಳನ್ನು ಸರದಿಯಂತೆ ತೋರಿಸುತ್ತಿದ್ದರು, ಹಾಗಾಗಿ ಶತ್ರುಗಳ ಗುಂಪು ಎದುರಾದಾಗ ಚಿತ್ರಗಳು ಮಿನುಗುತ್ತಿದ್ದವು. ‘ಸೂಪರ್ ಮಾರಿಯೊ ಬ್ರದರ್ಸ್’ ಆಟದಲ್ಲಿ ಮೋಡ ಮತ್ತು ಪೊದೆ ಎರಡಕ್ಕೂ ಒಂದೇ ಆಕಾರವನ್ನು ಬೇರೆ ಬೇರೆ ಬಣ್ಣದಲ್ಲಿ ಬಳಸಿದ್ದರ ಹಿಂದೆಯೂ ಇದ್ದುದು ಜಾಗ ಉಳಿಸುವ ಜಾಣ್ಮೆಯೇ.

ಇಂದಿನ ರೆಟ್ರೊ ಆಟಗಳು ಈ ಮಿತಿಗಳಲ್ಲಿ ಕೆಲವನ್ನು ಉಳಿಸಿಕೊಂಡು ಕೆಲವನ್ನು ಕೈಬಿಡುತ್ತವೆ. ಯಾಟ್ ಕ್ಲಬ್ ಗೇಮ್ಸ್ ಸಂಸ್ಥೆ 2014ರಲ್ಲಿ ಹೊರತಂದ ‘ಶವೆಲ್ ನೈಟ್’ ಎನ್‌ಇಎಸ್‌ನ ಬಣ್ಣಗಳ ಚೌಕಟ್ಟನ್ನು ಬಹುಮಟ್ಟಿಗೆ ಪಾಲಿಸಿದರೂ ಅಗತ್ಯವಿದ್ದೆಡೆ ಒಂದೆರಡು ಹೊಸ ಬಣ್ಣಗಳನ್ನು ಸೇರಿಸಿಕೊಂಡಿತು, ಪರದೆಯನ್ನು ಇಂದಿನ ಟಿವಿಗಳಿಗೆ ಒಪ್ಪುವಂತೆ ಅಗಲಿಸಿತು, ಸ್ಪ್ರೈಟ್‌ಗಳ ಮಿನುಗನ್ನು ಪೂರ್ತಿಯಾಗಿ ತೆಗೆದುಹಾಕಿತು. ಹಳೆಯ ಆಟ ನಿಜಕ್ಕೂ ಹೇಗಿತ್ತೋ ಅದಕ್ಕಿಂತ, ಅದು ಜನರ ನೆನಪಿನಲ್ಲಿ ಹೇಗೆ ಉಳಿದಿದೆಯೋ ಅದಕ್ಕೆ ಈ ಆಟ ಹೆಚ್ಚು ಹತ್ತಿರ.

ಬೆರಳಿನ ತೀರ್ಮಾನ ಆರಂಭವಾಗುವುದು ಜಿಗಿತದಿಂದ. ಪರದೆಯ ಮೇಲಿನ ಜಿಗಿತವೂ ಮೇಲಕ್ಕೆಸೆದ ಕಲ್ಲಿನಂತೆ ಆರಂಭದ ವೇಗ ಮತ್ತು ಗುರುತ್ವ ಎಂಬ ಎರಡು ಪರಿಮಾಣಗಳಿಂದಲೇ ನಿರ್ಧಾರವಾಗುತ್ತದೆ. ಆದರೆ ಇಲ್ಲಿ ಗುರುತ್ವವನ್ನು ಆಯ್ದುಕೊಳ್ಳುವವನು ವಿನ್ಯಾಸಕಾರ. ಪಾತ್ರ ಎಷ್ಟು ಎತ್ತರಕ್ಕೆ, ಎಷ್ಟು ಹೊತ್ತಿನಲ್ಲಿ ಏರಬೇಕೆಂದು ಗೊತ್ತಾದರೆ, ಎತ್ತರದ ಎರಡರಷ್ಟನ್ನು ಕಾಲದ ವರ್ಗದಿಂದ ಭಾಗಿಸಿದಾಗ ಬೇಕಾದ ಗುರುತ್ವ ಸಿಗುತ್ತದೆ. ಉದಾಹರಣೆಗೆ, 64 ಪಿಕ್ಸೆಲ್ ಎತ್ತರವನ್ನು ಅರ್ಧ ಸೆಕೆಂಡಿನಲ್ಲಿ ಮುಟ್ಟಬೇಕಾದರೆ ಪಾತ್ರದ ವೇಗ ಪ್ರತಿ ಸೆಕೆಂಡಿಗೆ 512 ಪಿಕ್ಸೆಲ್‌ಗಳಷ್ಟು ಕುಂದುತ್ತ ಹೋಗಬೇಕು. ನಿಜಜೀವನದಲ್ಲಿ ಕಾಲು ನೆಲ ಬಿಟ್ಟ ಮೇಲೆ ಜಿಗಿತದ ಎತ್ತರವನ್ನು ಬದಲಿಸಲಾಗದು. ಮಾರಿಯೊ ಮಾತ್ರ ಈ ನಿಯಮವನ್ನು ಮೀರಿದ: ಬಟನ್ ಒತ್ತಿ ಹಿಡಿದಿರುವಷ್ಟು ಹೊತ್ತು ಏರುವಾಗಿನ ಗುರುತ್ವ ಕಡಿಮೆ, ಬಿಟ್ಟ ಕೂಡಲೇ ಅದು ಹೆಚ್ಚು. ಹೀಗೆ ಒಂದೇ ಬಟನ್ನಿನಿಂದ ಕಿರುಜಿಗಿತವೂ ದೊಡ್ಡ ಜಿಗಿತವೂ ಸಾಧ್ಯವಾಗಿ, ಪಾತ್ರ ಆಟಗಾರನ ಇಚ್ಛೆಗೆ ಮಣಿಯುತ್ತಿದೆ ಎಂಬ ಭಾವ ಮೂಡುತ್ತದೆ.

ಇದಕ್ಕಿಂತ ಸೂಕ್ಷ್ಮವಾದದ್ದು ಕಾಲದ ಪ್ರಶ್ನೆ. ಸೆಕೆಂಡಿಗೆ 60 ಚಿತ್ರಗಳು, ಅಂದರೆ 60 ಫ್ರೇಮ್‌ಗಳು, ಮೂಡುವ ಆಟದಲ್ಲಿ ಒಂದು ಫ್ರೇಮ್ ಇರುವುದು ಸುಮಾರು 17 ಮಿಲಿಸೆಕೆಂಡ್. ಕಣ್ಣು ಕಂಡದ್ದಕ್ಕೆ ಮನುಷ್ಯನ ಕೈ ಪ್ರತಿಕ್ರಿಯಿಸಲು 200 ಮಿಲಿಸೆಕೆಂಡಿಗೂ ತುಸು ಹೆಚ್ಚೇ ಬೇಕು. ಹಾಗಾಗಿ ಅಂಚನ್ನು ಕಂಡ ಮೇಲೆ ಒತ್ತಿದರೆ ತಡವಾಗುತ್ತದೆ, ಮುಂಚಿತವಾಗಿ ಅಂದಾಜಿಸಿ ಒತ್ತಿದರೆ ಕೆಲವು ಫ್ರೇಮ್‌ಗಳ ತಪ್ಪು ಸಹಜವಾಗಿಯೇ ಆಗುತ್ತದೆ. ಈ ತಪ್ಪನ್ನು ಮನ್ನಿಸುವ ಉಪಾಯಗಳನ್ನು 2018ರ ‘ಸೆಲೆಸ್ಟ್’ ಆಟದಲ್ಲಿ ಸ್ಪಷ್ಟವಾಗಿ ಕಾಣಬಹುದು. ಪಾತ್ರದ ಚಲನೆಯನ್ನು ನಡೆಸುವ ಪ್ರೋಗ್ರಾಮನ್ನು ಅದರ ನಿರ್ಮಾಪಕರೇ ಬಹಿರಂಗಪಡಿಸಿದ್ದಾರೆ. ಅಲ್ಲಿ ಪಾತ್ರ ಕಟ್ಟೆಯ ಅಂಚನ್ನು ದಾಟಿದ ಮೇಲೂ 0.1 ಸೆಕೆಂಡಿನವರೆಗೆ, ಎಂದರೆ ಆರು ಫ್ರೇಮ್‌ಗಳವರೆಗೆ, ಜಿಗಿತಕ್ಕೆ ಅವಕಾಶವಿದೆ. ಆಟ ತಯಾರಿಸುವವರು ಇದನ್ನು ‘ಕಯೋಟಿ ಟೈಮ್’ ಎನ್ನುತ್ತಾರೆ. ನೆಲ ಮುಟ್ಟುವುದಕ್ಕೆ ಕ್ಷಣ ಮೊದಲೇ ಬಟನ್ ಒತ್ತಿದರೆ ಆ ಆಜ್ಞೆಯನ್ನು ನೆನಪಿಟ್ಟುಕೊಂಡು ಕಾಲೂರಿದೊಡನೆ ಜಿಗಿಸುವುದು ‘ಜಂಪ್ ಬಫರ್’. ಏರುವಾಗ ತಲೆ ಕಟ್ಟೆಯ ಮೂಲೆಗೆ ತಾಗಿದರೆ ಪಾತ್ರವನ್ನು ನಾಲ್ಕು ಪಿಕ್ಸೆಲ್‌ಗಳವರೆಗೆ ಪಕ್ಕಕ್ಕೆ ಸರಿಸಿ ದಾರಿ ಬಿಡುವ ವ್ಯವಸ್ಥೆಯೂ ಇದೆ. ಇವು ಕೆಲಸ ಮಾಡುತ್ತಿರುವುದು ಆಡುವವರ ಗಮನಕ್ಕೆ ಬರುವುದು ಅಪರೂಪ. ಇವು ಇಲ್ಲದಿದ್ದರೆ ಮಾತ್ರ, ಬಟನ್ ಒತ್ತಿದರೂ ಪಾತ್ರ ಜಿಗಿಯಲಿಲ್ಲವೆಂಬ ದೂರು ತಕ್ಷಣ ಹುಟ್ಟುತ್ತದೆ.

ಡೆಮೊದ ಮೊದಲ ಹಂತಕ್ಕೆ ಬೋಧನೆಯ ಹೊಣೆಯೂ ಇದೆ. ‘ಸೂಪರ್ ಮಾರಿಯೊ ಬ್ರದರ್ಸ್’ನ ಮೊದಲ ಹಂತ ಇದಕ್ಕೆ ಇಂದಿಗೂ ಪಾಠದಂತಿದೆ. ಎಡಭಾಗದಲ್ಲಿ ಬಲಕ್ಕೆ ಮುಖಮಾಡಿ ನಿಂತ ಮಾರಿಯೊನ ಎದುರಿನ ಖಾಲಿ ಜಾಗವೇ ಸಾಗಬೇಕಾದ ದಿಕ್ಕನ್ನು ತಿಳಿಸುತ್ತದೆ, ಸ್ವಲ್ಪದರಲ್ಲೇ ಎದುರಾಗುವ ನಿಧಾನಗತಿಯ ಶತ್ರು ಜಿಗಿಯುವುದನ್ನು ಕಲಿಸುತ್ತದೆ, ತಲೆಯ ಮೇಲಿನ ಪೆಟ್ಟಿಗೆಗಳು ಗುದ್ದಿ ನೋಡುವ ಕುತೂಹಲ ಹುಟ್ಟಿಸುತ್ತವೆ. ಒಂದಕ್ಷರದ ಸೂಚನೆಯೂ ಇಲ್ಲದೆ ಆಟದ ನಿಯಮಗಳೆಲ್ಲ ಮನದಟ್ಟಾಗುತ್ತವೆ.

ಆದ್ದರಿಂದ ಹೊಸ ರೆಟ್ರೊ ಡೆಮೊವನ್ನು ಅಳೆಯುವಾಗ ಚಿತ್ರಗಳ ಹಳೆತನವನ್ನಷ್ಟೇ ನೋಡಿದರೆ ಸಾಲದು. ಬಟನ್ ಒತ್ತಿ ಹಿಡಿದಷ್ಟು ಹೊತ್ತಿಗೆ ತಕ್ಕಂತೆ ಜಿಗಿತ ಹೇಗೆ ಬದಲಾಗುತ್ತದೆ, ಅಂಚಿನಲ್ಲಿ ತುಸು ತಡವಾದರೆ ಏನಾಗುತ್ತದೆ, ಬಿದ್ದ ಮೇಲೆ ಕಾರಣ ಅರ್ಥವಾಗುತ್ತದೆಯೇ ಎಂಬುದನ್ನೂ ಪರೀಕ್ಷಿಸಬೇಕು. ಕಷ್ಟದ ಆಟವನ್ನೂ ಮತ್ತೆ ಮತ್ತೆ ಆಡುವಂತೆ ಮಾಡುವುದು ಸೋಲು ತನ್ನದೇ, ಗೆಲುವೂ ತನ್ನದೇ ಎಂಬ ನಂಬಿಕೆ. ಆ ನಂಬಿಕೆ ಬೆಳೆಯಬೇಕಾದರೆ ಮನುಷ್ಯನ ನರಮಂಡಲದ ವೇಗ ಎಷ್ಟೆಂಬುದನ್ನು ಅರಿತು, ಅದಕ್ಕೆ ತಕ್ಕಷ್ಟು ಸಡಿಲವನ್ನು ಆಟವೇ ಕೊಡಬೇಕಾಗುತ್ತದೆ.