ತಲೆಮಾರಿಗೊಂದು ಹೆಜ್ಜೆ

ದೆಹಲಿಗೆ ಹೊರಟ ಕರ್ನಾಟಕ ಎಕ್ಸ್‌ಪ್ರೆಸ್ ಇಟಾರಸಿ ದಾಟಿ ಭೋಪಾಲದ ಕಡೆ ಘಾಟಿ ಏರುತ್ತದೆ. ಆ ಸೀಮೆಯ ಕಾಡಿನ ನೆತ್ತಿಯಲ್ಲಿ ಪಾಳುಕೋಟೆಯಂಥ ಬಂಡೆಗಳಿವೆ. 1957ರಲ್ಲಿ ರೈಲಿನಲ್ಲಿ ಹೋಗುತ್ತಿದ್ದ ಪುರಾತತ್ವಜ್ಞ ವಿಷ್ಣು ಶ್ರೀಧರ ವಾಕಣಕರ್ ಅವನ್ನು ಕಂಡು, ಯುರೋಪಿನ ಚಿತ್ರಗವಿಗಳ ಬಂಡೆಗಳಂತೆಯೇ ಇವೆಯಲ್ಲ ಎಂದು ಹುಡುಕಿಕೊಂಡು ಹತ್ತಿದರು. ಅದೇ ಭೀಮಬೇಟ್ಕಾ. ಈ ಸುತ್ತಿನಲ್ಲಿ 700ಕ್ಕೂ ಹೆಚ್ಚು ಕಲ್ಲಾಸರೆಗಳಿವೆ. ಭೀಮಬೇಟ್ಕಾ ಗುಡ್ಡದಲ್ಲೇ 243. ನಮ್ಮಂಥವರು ನೋಡಬಹುದಾದದ್ದು ಹದಿನೈದರಷ್ಟನ್ನು ಮಾತ್ರ.

ಚಿತ್ರಗಳಲ್ಲಿ ಹಳೆಯವು ಸುಮಾರು 10,000 ವರ್ಷದವು ಎನ್ನುತ್ತಾರೆ. ಮಾತು ಕಿವಿಗೆ ಬಿತ್ತು, ಮನಸ್ಸಿಗಿಳಿಯಲಿಲ್ಲ. ಅದಕ್ಕೇ ಕಾಲಿನಿಂದ ಅಳೆಯತೊಡಗಿದೆ. ತಲೆಮಾರಿಗೆ 25 ವರ್ಷ, ತಲೆಮಾರಿಗೊಂದು ಹೆಜ್ಜೆ, ಹೆಜ್ಜೆಗೆ ಎರಡೂವರೆ ಅಡಿ. ಮೂರನೆಯ ಹೆಜ್ಜೆಗೆ ಮುತ್ತಜ್ಜಿ. ಅಲ್ಲಿಂದಾಚೆಗೆ ನನಗೆ ಯಾರ ಹೆಸರೂ ಗೊತ್ತಿಲ್ಲ. 63ನೆಯದಕ್ಕೆ ಹಲ್ಮಿಡಿ ಶಾಸನ. ನಾವು ಕನ್ನಡ ಬರೆದ ಕಾಲವೆಲ್ಲ ಅಷ್ಟರಲ್ಲೇ, ಒಂದು ಸಣ್ಣ ಕೇರಿಯ ಉದ್ದದಲ್ಲೇ, ಮುಗಿದುಹೋಯಿತು. ಬಂಡೆಯ ಮುಂದೆ ಕೈಯಲ್ಲಿ ಬಣ್ಣ ಹಿಡಿದು ನಿಂತವರು ಸಿಗುವುದು 400ನೆಯ ಹೆಜ್ಜೆಗೆ.

ಅವರ ಬಣ್ಣ ನಮಗೆ ಹೊಸದಲ್ಲ. ನಮ್ಮ ಹಳ್ಳಿಮನೆಗಳ ಗೋಡೆಯಂಚಿಗೆ ಬಳಿಯುವ ಕೆಮ್ಮಣ್ಣಿನ ಬಳಗದ್ದೇ ಅದು, ಕಬ್ಬಿಣದ ಕೆಂಪು. ತುಕ್ಕಿಗೆ ಮತ್ತೆ ತುಕ್ಕು ಹಿಡಿಯುವುದಿಲ್ಲ, ಬಿಸಿಲಿಗೆ ಅದು ಮಾಸುವುದೂ ಇಲ್ಲ. ಮೇಲೆ ಚಾಚಿದ ಬಂಡೆ ಮಳೆ ತಡೆದರೆ ಸಾಕು. 'ಝೂ ರಾಕ್' ಎಂಬ ಒಂದೇ ಬಂಡೆಯ ಮೇಲೆ 400ಕ್ಕೂ ಹೆಚ್ಚು ಆಕೃತಿಗಳು: ಆನೆ, ಕಾಟಿ, ಬಾರಾಸಿಂಗ, ಜಿಂಕೆ. ಇವನ್ನೆಲ್ಲ ಬರೆದದ್ದು ಒಂದು ಕಾಲದವರಲ್ಲ. ಹಿಂದಿನವರ ಚಿತ್ರವನ್ನು ಯಾರೂ ಉಜ್ಜಿ ಹಾಕಲಿಲ್ಲ, ಅದರ ಮೇಲೆಯೇ ತಮ್ಮದನ್ನು ಬರೆದರು. ಹಳೆಯ ಮೃಗಗಳ ಮೈಮೇಲೆ ಎಷ್ಟೋ ಶತಮಾನಗಳ ನಂತರದ ಕುದುರೆ ಸವಾರರು ಆಯುಧ ಹಿಡಿದು ಓಡುತ್ತಿದ್ದಾರೆ. ಬಹಳ ಹೊತ್ತು ನಾನು ಅಲ್ಲಿಂದ ಕದಲಲಿಲ್ಲ.

ಆದರೆ ಚಿತ್ರ ಬರೆದವರು ಇಲ್ಲಿಗೆ ಮೊದಲು ಬಂದವರಲ್ಲ. ನೆಲ ಅಗೆದಾಗ ಮಣ್ಣಿನ ಪದರಗಳ ತಳದಲ್ಲಿ ಕಲ್ಲಿನ ಕೈಗೊಡಲಿಗಳು ಸಿಕ್ಕವು. ಮನುಷ್ಯರು ಇಲ್ಲಿ ತಂಗಿ ಒಂದು ಲಕ್ಷ ವರ್ಷಕ್ಕೂ ಮಿಕ್ಕಿದೆ. ಅಂದರೆ 4,000 ಹೆಜ್ಜೆ, ಮೂರು ಕಿಲೋಮೀಟರ್. ಹೆಚ್ಚುಕಡಿಮೆ ನಾನು ಹೆದ್ದಾರಿಯಿಂದ ಗುಡ್ಡಕ್ಕೆ ಬಂದ ದಾರಿಯಷ್ಟು. ಇನ್ನು ಅವರಿಗೆಲ್ಲ ನೆರಳು ಕೊಟ್ಟ ಈ ವಿಂಧ್ಯದ ಮರಳುಗಲ್ಲು? 100 ಕೋಟಿ ವರ್ಷದ ಆಸುಪಾಸಿನದು. ಅಲ್ಲಿಗೆ ಮುಟ್ಟಲು ನಾಲ್ಕು ಕೋಟಿ ಹೆಜ್ಜೆ, 30,000 ಕಿಲೋಮೀಟರ್, ಭೂಮಿಯ ಮುಕ್ಕಾಲು ಸುತ್ತು.

ಇಲ್ಲಿನ 'ಆಡಿಟೋರಿಯಂ' ಗವಿಯ ಮೇಲ್ಛಾವಣಿಯ ಒಂದು ಗುರುತನ್ನು 55 ಕೋಟಿ ವರ್ಷ ಹಿಂದಿನ ಡಿಕಿನ್ಸೋನಿಯಾ ಎಂಬ ಜೀವಿಯ ಪಳೆಯುಳಿಕೆಯೆಂದು 2021ರಲ್ಲಿ ವಿಜ್ಞಾನಿಗಳು ಸಾರಿದ್ದರು. 2023ರಲ್ಲಿ ಇನ್ನೊಂದು ತಂಡ ತೋರಿಸಿಕೊಟ್ಟಿತು: ಅದು ಈ ಕಾಲದ್ದೇ ಜೇನುಹುಟ್ಟು, ಕೊಳೆತು ಉದುರುತ್ತಿದೆ. ಎರಡು ಕೋಟಿ ಇಪ್ಪತ್ತು ಲಕ್ಷ ಹೆಜ್ಜೆಯಾಚೆ ಇದ್ದದ್ದು ಒಂದೇ ಹೆಜ್ಜೆಯೊಳಕ್ಕೆ ಬಂದುಬಿಟ್ಟಿತು. ನನಗೇನೂ ನಿರಾಸೆಯಾಗಲಿಲ್ಲ. ಭೀಮಬೇಟ್ಕಾದ ಚಿತ್ರಗಳಲ್ಲಿ ಜೇನು ಕೀಳುವ ಜನರೂ ಇದ್ದಾರೆ. ಇಲ್ಲಿನ ಬಂಡೆಗಳಿಗೆ ಹೆಜ್ಜೇನು ಇಂದಿಗೂ ಕಟ್ಟುತ್ತದೆ.