ವಾಚ್ ತೋರಿಸುವ ಬಿ.ಪಿ. ನಂಬಿ ಗುಳಿಗೆ ಬಿಡಬೇಡಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳ್ಳಿಗಳಿಂದ ಪುಣೆಗೋ ಬೆಂಗಳೂರಿಗೋ ದುಡಿಯಲು ಹೋದ ಮಕ್ಕಳು ಹಬ್ಬಕ್ಕೆ ಬರುವಾಗ ಅಪ್ಪ–ಅವ್ವನಿಗೆ ಸ್ಮಾರ್ಟ್‌ವಾಚ್ ತರುವುದು ಈಗ ಹೊಸದೇನಲ್ಲ. ಕಾಳಜಿಯಿಂದಲೇ ತರುತ್ತಾರೆ. ಆದರೆ ಆ ವಾಚ್ ಏನು ಹೇಳಬಲ್ಲದು, ಏನು ಹೇಳಲಾರದು ಎಂಬುದನ್ನು ಯಾರೂ ತಿಳಿಸಿ ಹೋಗುವುದಿಲ್ಲ. "ವಾಚ್‌ನ್ಯಾಗ ನೂರಾ ಇಪ್ಪತ್ತು ತೋರಸಾಕತ್ತೈತಿ, ಇನ್ಯಾಕ ಗುಳಿಗಿ?" ಎಂಬ ಮಾತು ಹುಟ್ಟುವುದು ಅಲ್ಲಿಂದಲೇ.

ತಪ್ಪು ಕಲ್ಪನೆ: ವಾಚ್ ಬಿ.ಪಿ. ಅಳೆಯುತ್ತದೆ.

ಸತ್ಯ: ಬಹುತೇಕ ವಾಚ್‌ಗಳು ಮಾಡುವುದು ಅಂದಾಜು. ದವಾಖಾನೆಯಲ್ಲಿ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದಾಗ ರಕ್ತದ ಓಟ ಒಂದು ಕ್ಷಣ ನಿಲ್ಲುತ್ತದೆ. ಗಾಳಿ ಇಳಿಸುತ್ತ ಬಂದಂತೆ ರಕ್ತ ಮತ್ತೆ ನುಗ್ಗುವ ಹಂತದ ಒತ್ತಡವೇ ಮೇಲಿನ ಅಂಕಿ. ಇಟಲಿಯ ವೈದ್ಯ ರಿವಾ-ರೊಚ್ಚಿ 1896ರಲ್ಲಿ ರೂಪಿಸಿದ ತೋಳುಪಟ್ಟಿಯ ಈ ವಿಧಾನವನ್ನೇ ವೈದ್ಯರು ಇಂದಿಗೂ ನೆಚ್ಚಿಕೊಂಡಿದ್ದಾರೆ. ಅಂಥ ವಾಚ್‌ನಲ್ಲಿ ಗಾಳಿಯ ಪಟ್ಟಿ ಇರುವುದಿಲ್ಲ. ಅದರ ಬೆನ್ನಿಗಿರುವ ಹಸಿರು ದೀಪ ಚರ್ಮದೊಳಕ್ಕೆ ಬೆಳಕು ಹಾಯಿಸಿ, ಪ್ರತಿ ಬಡಿತಕ್ಕೂ ರಕ್ತ ಉಕ್ಕಿ ಇಳಿಯುವುದನ್ನು ಗಮನಿಸುತ್ತದೆ. ನಾಡಿ ಎಣಿಸಲು ಅಷ್ಟು ಸಾಕು. ಒತ್ತಡವನ್ನು ಮಾತ್ರ ಲೆಕ್ಕ ಹಾಕಿ ಊಹಿಸಬೇಕು. ಬೆಲ್ಟ್ ಸಡಿಲವಾದರೆ, ಕೈ ಅಲುಗಿದರೆ, ನಾಡಿ ಏರುಪೇರಾಗಿದ್ದರೆ ಲೆಕ್ಕ ತಪ್ಪುತ್ತದೆ.

ದೊಡ್ಡ ಕಂಪನಿಗಳೇ ಇದನ್ನು ಒಪ್ಪುತ್ತವೆ. ಬಿ.ಪಿ. ತೋರಿಸುವ ತನ್ನ ವಾಚನ್ನು 28 ದಿನಕ್ಕೊಮ್ಮೆ ತೋಳಿನ ಯಂತ್ರದ ಜೊತೆ ಹೊಂದಿಸಿಕೊಳ್ಳಬೇಕು ಎಂದು ಸ್ಯಾಮ್‌ಸಂಗ್ ಹೇಳುತ್ತದೆ. 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಪಡೆದ ಆಪಲ್ ವಾಚ್‌ನ ಸೌಲಭ್ಯ ಅಂಕಿಯನ್ನೇ ತೋರಿಸುವುದಿಲ್ಲ. 30 ದಿನಗಳ ಮಾಹಿತಿ ನೋಡಿ, ಬಿ.ಪಿ. ಇರಬಹುದು, ಪರೀಕ್ಷೆ ಮಾಡಿಸಿಕೊಳ್ಳಿ ಎಂದಷ್ಟೇ ಎಚ್ಚರಿಸುತ್ತದೆ. ಬಿ.ಪಿ. ಇದೆ ಎಂದು ಈಗಾಗಲೇ ಗೊತ್ತಿರುವವರಿಗೆ ಅದು ಉದ್ದೇಶಿತವೂ ಅಲ್ಲ. ಹೀಗಿರುವಾಗ, ಯಾವ ಹೊಂದಾಣಿಕೆಯೂ ಇಲ್ಲದೆ ನೇರವಾಗಿ ಅಂಕಿ ತೋರಿಸುವ ಅಗ್ಗದ ವಾಚ್‌ಗಳನ್ನು ನಂಬಲೇಬಾರದು.

ತಪ್ಪು ಕಲ್ಪನೆ: ಬಿ.ಪಿ. ಸರಿ ಇದ್ದರೆ ಗುಳಿಗೆ ಬಿಡಬಹುದು.

ಸತ್ಯ: ತೋಳಿನ ಯಂತ್ರದಲ್ಲೇ ಸರಿಯಾದ ಅಂಕಿ ಬಂದರೂ, ಅದು ಸರಿ ಇರುವುದು ಗುಳಿಗೆಯಿಂದ. ಬಿಟ್ಟರೆ ಮತ್ತೆ ಏರುತ್ತದೆ, ಏರಿದ್ದು ಗೊತ್ತಾಗುವುದಿಲ್ಲ. ಹೊಲದ ಕೆಲಸ, ಸಂತೆ, ಮದುವೆ ಎಲ್ಲ ಎಂದಿನಂತೆ ನಡೆಯುತ್ತಿರುತ್ತವೆ. ಒಂದು ದಿನ ಲಕ್ವಾ ಹೊಡೆಯುತ್ತದೆ, ಇಲ್ಲವೇ ಕಿಡ್ನಿ ಕೈಕೊಡುತ್ತದೆ. ಎಷ್ಟೋ ಮನೆಗಳು ಹೀಗೆ ದುಡಿಯುವ ಆಳನ್ನು ಕಳೆದುಕೊಂಡಿವೆ. ಬಿ.ಪಿ. ಗುಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತದೆ. ಕಡಿಮೆ ಮಾಡುವುದೋ ಬದಲಿಸುವುದೋ ಡಾಕ್ಟರು ಹೇಳಲಿ.

ತಲೆ ತಿರುಗಿದಾಗ ಮಾತ್ರ ಬಿ.ಪಿ. ನೋಡಿದರೆ ಸಾಕು ಎನ್ನುವವರಿಗೂ ಉತ್ತರ ಇದೇ. ಹೆಚ್ಚಿನವರಿಗೆ ಬಿ.ಪಿ. ಯಾವ ಸೂಚನೆಯನ್ನೂ ಕೊಡುವುದಿಲ್ಲ.

ತಪ್ಪು ಕಲ್ಪನೆ: ಯಂತ್ರ ಒಳ್ಳೆಯದಿದ್ದರೆ ಹೇಗೆ ನೋಡಿದರೂ ಅಂಕಿ ಸರಿ ಬರುತ್ತದೆ.

ಸತ್ಯ: ಅಳೆಯುವ ರೀತಿ ತಪ್ಪಿದರೆ ಒಳ್ಳೆಯ ಯಂತ್ರವೂ ಸುಳ್ಳು ಹೇಳುತ್ತದೆ. ಚಹಾ ಕುಡಿದು, ತಂಬಾಕು ಹಾಕಿಕೊಂಡು, ಹೊಲದಿಂದ ನಡೆದು ಬಂದು ಕೂಡಲೇ ನೋಡಬಾರದು. ಅರ್ಧ ತಾಸು ಬಿಡಬೇಕು. ಮೂತ್ರಕ್ಕೆ ಹೋಗಿ ಬಂದು, ಕುರ್ಚಿಯಲ್ಲಿ ಬೆನ್ನು ಆನಿಸಿ, ಎರಡೂ ಪಾದ ನೆಲಕ್ಕೂರಿ, ಕಾಲ ಮೇಲೆ ಕಾಲು ಹಾಕದೆ 5 ನಿಮಿಷ ಸುಮ್ಮನೆ ಕೂಡಬೇಕು. ಅಂಗಿಯ ಮೇಲೆ ಪಟ್ಟಿ ಕಟ್ಟಬಾರದು. ಕುಬಸದ ಬಿಗಿ ತೋಳನ್ನು ಮೇಲೆ ಸುತ್ತಿದರೂ ಅದು ರಕ್ತನಾಳವನ್ನು ಒತ್ತುತ್ತದೆ; ಸಡಿಲ ತೋಳಿನದನ್ನು ತೊಟ್ಟು, ಪಟ್ಟಿ ಬರಿ ತೋಳಿಗೆ ತಾಗುವಂತೆ ನೋಡಿಕೊಳ್ಳುವುದು ಒಳ್ಳೆಯದು. ಕೈ ಎದೆಯ ಮಟ್ಟಕ್ಕೆ ಇರಲಿ. ನೋಡುವಾಗ ಮಾತು ಬೇಡ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡೂ ಅಂಕಿ ಬರೆದಿಡಿ. ಬೆಳಿಗ್ಗೆ ಗುಳಿಗೆಗೆ ಮುಂಚೆ, ಸಂಜೆ ಇನ್ನೊಮ್ಮೆ, ಹೀಗೆ 7 ದಿನ. ಮೊದಲ ದಿನದ್ದು ಬಿಟ್ಟು ಉಳಿದವುಗಳ ಸರಾಸರಿ 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಡಾಕ್ಟರನ್ನು ಕಾಣಬೇಕು. ದವಾಖಾನೆಯಲ್ಲಿ ನೋಡಿದಾಗ ಈ ಗಡಿ 140/90. ಓದು ಬಾರದ ಹಿರಿಯರಿಗೆ ಇದು ಆಗದ ಕೆಲಸ ಎನ್ನಬೇಡಿ. ಸೊಸೆಯೋ ಮೊಮ್ಮಗಳೋ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಸಾಕು.

ಹಾಗಾದರೆ ವಾಚ್ ದಂಡವೇ? ಅಲ್ಲ. ದಿನಕ್ಕೆ ಎಷ್ಟು ಹೆಜ್ಜೆ ನಡೆದಿರಿ ಎಂದು ಹೇಳುತ್ತದೆ, ನಾಡಿ ತೋರಿಸುತ್ತದೆ, ರಾತ್ರಿ ಎಂಟಕ್ಕೆ ಗುಳಿಗೆ ನೆನಪಿಸುತ್ತದೆ. ಗುಳಿಗೆ ಮರೆಯುವವರಿಗೆ ಆ ಒಂದು ಅಲಾರಂ ಸಾಕಷ್ಟು ದೊಡ್ಡ ಸಹಾಯ. ರೊಟ್ಟಿಯ ಜೊತೆಗಿನ ಉಪ್ಪಿನಕಾಯಿಯಲ್ಲಿ ಉಪ್ಪೆಷ್ಟು ಎಂಬುದನ್ನು ಮಾತ್ರ ಯಾವ ವಾಚೂ ಹೇಳದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚೆಯೂ ಪೂರ್ತಿ ಆಗದಷ್ಟು ಉಪ್ಪು ಸಾಕು.

ತೋಳಿನ ಯಂತ್ರ ಕೊಂಡರೆ ಒಮ್ಮೆ ಆರೋಗ್ಯ ಕೇಂದ್ರಕ್ಕೆ ಒಯ್ದು ಅಲ್ಲಿಯ ಯಂತ್ರದ ಜೊತೆ ತಾಳೆ ನೋಡಿಸಿ. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ, ಎದೆ ಹಿಡಿದರೆ ವಾಚ್ ಎಷ್ಟೇ ತೋರಿಸಲಿ, ಅದನ್ನು ನೋಡುತ್ತ ಕೂಡದೆ ತಕ್ಷಣ 108ಕ್ಕೆ ಫೋನ್ ಮಾಡಿ.