ಯಾವುದನ್ನು ಬಿಡಬೇಕು ಎಂಬ ಪಾಠ

ಬಿಬಿಎ ಓದುವವರಿಗೆ ಸಾಮಾನ್ಯವಾಗಿ ಕೊನೆಯ ವರ್ಷದಲ್ಲಿ ಸ್ಟ್ರಾಟೆಜಿಕ್ ಮ್ಯಾನೇಜ್‌ಮೆಂಟ್ ಎಂಬ ವಿಷಯ ಎದುರಾಗುತ್ತದೆ. ಒಂದು ಸಂಸ್ಥೆ ಯಾವ ಗಿರಾಕಿಗಾಗಿ ದುಡಿಯಬೇಕು, ಯಾವ ಸರಕನ್ನು ಯಾವ ಬೆಲೆಗೆ ಕೊಡಬೇಕು, ಪೈಪೋಟಿಯ ನಡುವೆ ಹೇಗೆ ಉಳಿಯಬೇಕು ಎಂಬುದು ಅದರ ವಸ್ತು. ಇಷ್ಟು ಜೀವಂತವಾದ ವಿಷಯ ಪರೀಕ್ಷೆಯ ಹೊತ್ತಿಗೆ ಪಟ್ಟಿಯಾಗಿ ಒಣಗಿರುತ್ತದೆ. ಸ್ವಾಟ್ ವಿಶ್ಲೇಷಣೆ ಎಂದರೇನು, ಪೋರ್ಟರ್ ಹೇಳಿದ ಐದು ಶಕ್ತಿಗಳಾವುವು, ಬಿಸಿಜಿ ಚೌಕವನ್ನು ಚಿತ್ರಸಹಿತ ವಿವರಿಸಿ ಎಂದು ಕೇಳುತ್ತಾರೆ. ಪಾಯಿಂಟುಗಳನ್ನು ಒಂದೂ ಬಿಡದೆ ಬರೆದವರಿಗೆ ಪೂರ್ಣ ಅಂಕ. ಈ ವಿಷಯದ ಆಳದ ತಿಳಿವಳಿಕೆಯಾದರೋ ಇದಕ್ಕೆ ತೀರಾ ವಿರುದ್ಧ. ಎಲ್ಲವನ್ನೂ ಮಾಡಹೊರಟ ಕಂಪನಿ ಸೋಲುತ್ತದೆ, ಕೆಲವನ್ನು ಬೇಕೆಂದೇ ಬಿಟ್ಟದ್ದಕ್ಕೆ ಉಳಿಯುವ ಸಾಧ್ಯತೆ ಹೆಚ್ಚು ಎನ್ನುತ್ತದೆ ಅದು. ಬಿಡುವುದನ್ನು ಕಲಿಸಬೇಕಾದ ಪಾಠವನ್ನು ನಾವು ಕೂಡಿಹಾಕುವ ಪಾಠವಾಗಿ ಮಾಡಿಕೊಂಡಿದ್ದೇವೆ. ಇದು ಬದಲಾಗದೆ ಈ ವಿಷಯ ಪಠ್ಯಕ್ರಮದಲ್ಲಿ ಇದ್ದೂ ಇಲ್ಲದಂತೆ ಎಂಬುದು ನನ್ನ ವಾದ.

ಈ ವಿಷಯ ಹುಟ್ಟಿದ್ದೇ ಬಿಡಿಬಿಡಿಯಾದ ಓದನ್ನು ಕೂಡಿಸಲು. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ 1908ರಲ್ಲಿ ಶುರುವಾದ ಕೆಲವೇ ವರ್ಷಗಳಲ್ಲಿ ಅಲ್ಲಿ ಬಿಸಿನೆಸ್ ಪಾಲಿಸಿ ಎಂಬ ಕೋರ್ಸ್ ಬಂತು. 1959ರಲ್ಲಿ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ಹೊರಬಂದ, ಗಾರ್ಡನ್ ಮತ್ತು ಹಾವೆಲ್ ಬರೆದ ವರದಿ, ವ್ಯವಹಾರ ಶಿಕ್ಷಣದ ಕೊನೆಯಲ್ಲಿ ಇಂಥದೊಂದು ಕೋರ್ಸ್ ಇರಲೇಬೇಕು ಎಂದು ಶಿಫಾರಸು ಮಾಡಿತು. ಲೆಕ್ಕಪತ್ರ, ಮಾರುಕಟ್ಟೆ, ಹಣಕಾಸು, ಸಿಬ್ಬಂದಿ ನಿರ್ವಹಣೆ ಇವನ್ನೆಲ್ಲ ಬೇರೆಬೇರೆ ಕೋಣೆಗಳಲ್ಲಿ ಕಲಿತ ವಿದ್ಯಾರ್ಥಿ, ಒಂದು ಇಡೀ ಸಂಸ್ಥೆಯ ಸಮಸ್ಯೆಯನ್ನು ಒಮ್ಮೆಗೇ ನೋಡಲಿ ಎಂಬುದು ಅದರ ಆಶಯ. ಮುಂದೆ ಮೈಕೆಲ್ ಪೋರ್ಟರ್ 1979ರ ಲೇಖನದಲ್ಲಿ ಐದು ಶಕ್ತಿಗಳ ಚೌಕಟ್ಟನ್ನು ಕೊಟ್ಟರು. ನಮ್ಮ ಪಠ್ಯಗಳು ಅದನ್ನು ಹಿಡಿದುಕೊಂಡವು. 1996ರಲ್ಲಿ ಅವರೇ ಬರೆದ ಇನ್ನೊಂದು ಲೇಖನದ ಮುಖ್ಯ ಮಾತು, ಅಂದರೆ ಏನನ್ನು ಮಾಡಬಾರದು ಎಂದು ಆರಿಸಿಕೊಳ್ಳುವುದೇ ಕಾರ್ಯತಂತ್ರದ ತಿರುಳು ಎಂಬುದು, ಅಷ್ಟಾಗಿ ತರಗತಿಗೆ ಇಳಿಯಲಿಲ್ಲ. ಪೋರ್ಟರ್ ಅಲ್ಲಿ ಕೊಟ್ಟ ಉದಾಹರಣೆಗಳಲ್ಲೊಂದು ಅಮೆರಿಕದ ವಿಮಾನಯಾನದ್ದು. ಕಾಂಟಿನೆಂಟಲ್ ಎಂಬ ಪೂರ್ಣ ಸೇವೆಯ ಕಂಪನಿ, ಸೌತ್‌ವೆಸ್ಟ್‌ನ ಅಗ್ಗದ ಹಾರಾಟವನ್ನು ನೋಡಿ, ತನ್ನ ಹಳೆಯ ವ್ಯವಸ್ಥೆಯನ್ನೂ ಇಟ್ಟುಕೊಂಡೇ ಕಾಂಟಿನೆಂಟಲ್ ಲೈಟ್ ಎಂಬ ಅಗ್ಗದ ಸೇವೆಯನ್ನು 1993ರಲ್ಲಿ ತೆರೆಯಿತು. 1995ರಲ್ಲಿ ಅದನ್ನು ಮುಚ್ಚಬೇಕಾಯಿತು.

ಇದೇ ಪಾಠವನ್ನು ನಮ್ಮ ವಿದ್ಯಾರ್ಥಿ ಬೆಂಗಳೂರಿನಲ್ಲೇ ಕಲಿಯಬಹುದು. ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2003ರಲ್ಲಿ ಆರಂಭಿಸಿದ ಏರ್ ಡೆಕ್ಕನ್, ರೈಲಿನಲ್ಲಿ ಓಡಾಡುವವರನ್ನು ವಿಮಾನ ಹತ್ತಿಸಲು ಹೊರಟಿತ್ತು. ಊಟೋಪಚಾರ ಬಿಟ್ಟಿತು, ಟಿಕೆಟ್ ದರ ಇಳಿಸಿತು, ಎಟಿಆರ್ ವಿಮಾನಗಳಲ್ಲಿ ಸಣ್ಣ ಊರುಗಳಿಗೆ ಹಾರಿತು. 2005ರ ಮೇ ತಿಂಗಳಲ್ಲಿ ಹಾರಾಟ ಆರಂಭಿಸಿದ ಕಿಂಗ್‌ಫಿಶರ್ ಹಿಡಿದದ್ದು ವೈಭವದ ದಾರಿ. 2007ರಲ್ಲಿ ಕಿಂಗ್‌ಫಿಶರ್ ಕಡೆಯವರು ಡೆಕ್ಕನ್‌ನಲ್ಲಿ ದೊಡ್ಡ ಪಾಲು ಕೊಂಡರು, ಮರುವರ್ಷ ಎರಡೂ ಒಂದಾದವು. ಈ ಖರೀದಿ ಬರೀ ಹುಚ್ಚು ಸಾಹಸವಾಗಿರಲಿಲ್ಲ ಎಂಬುದನ್ನು ವಿದ್ಯಾರ್ಥಿಗೆ ಮೊದಲು ಹೇಳಬೇಕು. ಎರಡರ ಬಳಿಯೂ ಏರ್‌ಬಸ್ ಮತ್ತು ಎಟಿಆರ್ ವಿಮಾನಗಳೇ ಇದ್ದವು. ದುರಸ್ತಿ, ತರಬೇತಿಯಲ್ಲಿ ಉಳಿತಾಯವಾಗಬಹುದಿತ್ತು. ಐದು ವರ್ಷ ದೇಶದೊಳಗೆ ಹಾರಿ, 20 ವಿಮಾನ ಹೊಂದಿದ್ದರೆ ಮಾತ್ರ ವಿದೇಶಕ್ಕೆ ಹಾರಬಹುದು ಎಂಬ ನಿಯಮ ಆಗ ಇತ್ತು. ಡೆಕ್ಕನ್‌ನ ವಯಸ್ಸು ಕೂಡಿಬಂದುದರಿಂದ ಕಿಂಗ್‌ಫಿಶರ್ 2008ರ ಸೆಪ್ಟೆಂಬರ್‌ನಲ್ಲೇ ಬೆಂಗಳೂರಿನಿಂದ ಲಂಡನ್ನಿಗೆ ಹಾರಿತು.

ಕಾಗದದ ಮೇಲೆ ಚೆಂದ ಕಂಡ ಈ ಲೆಕ್ಕ ಎಡವಿದ್ದು ಗಿರಾಕಿಯ ವಿಷಯದಲ್ಲಿ. ಅಗ್ಗದ ಟಿಕೆಟ್ ಬೇಕಾದವನಿಗೂ ಐಷಾರಾಮ ಬೇಕಾದವನಿಗೂ ಒಂದೇ ಸಂಸ್ಥೆ ಸೇವೆ ಕೊಡಬೇಕಾಯಿತು. ಡೆಕ್ಕನ್ ಹೆಸರು ಹೋಗಿ ಕಿಂಗ್‌ಫಿಶರ್ ರೆಡ್ ಎಂದಾಯಿತು. ಒಂದೇ ಹೆಸರಿನಲ್ಲಿ ಎರಡು ದರ್ಜೆಯ ಹಾರಾಟ ಬಂದಾಗ, ಹೆಚ್ಚು ದುಡ್ಡು ಕೊಡುವವನೂ ಅಗ್ಗದ ಟಿಕೆಟ್ಟಿನತ್ತ ಕೈ ಚಾಚುವುದು ಸಹಜ. 2008ರ ಜುಲೈನಲ್ಲಿ ಕಚ್ಚಾ ತೈಲದ ಬೆಲೆ ಬ್ಯಾರೆಲ್‌ಗೆ 140 ಡಾಲರ್ ದಾಟಿತು, ಬೆನ್ನಿಗೇ ಆರ್ಥಿಕ ಹಿಂಜರಿತ ಬಂತು. 2011ರಲ್ಲಿ ಅಗ್ಗದ ಸೇವೆಯಿಂದ ಹಿಂದೆ ಸರಿಯುವುದಾಗಿ ಕಂಪನಿ ಹೇಳಿತು, 2012ರ ಅಕ್ಟೋಬರ್‌ನಲ್ಲಿ ಹಾರಾಟವೇ ನಿಂತಿತು. ತಿಂಗಳುಗಟ್ಟಲೆ ಸಂಬಳವಿಲ್ಲದೆ ಕಾದ ನೌಕರರ ಪಾಡು ಈ ಕಥೆಯ ಅತ್ಯಂತ ನೋವಿನ ಭಾಗ. ಕಾರ್ಯತಂತ್ರದ ತಪ್ಪಿಗೆ ದಂಡ ತೆರುವವರು ಅದನ್ನು ರೂಪಿಸಿದವರಷ್ಟೇ ಅಲ್ಲ ಎಂಬುದು ಪಠ್ಯದಲ್ಲಿ ಇರಲೇಬೇಕಾದ ಮಾತು. 2006ರ ಆಗಸ್ಟ್‌ನಲ್ಲಿ ಶುರುವಾದ ಇಂಡಿಗೊ ಕೂಡ ಅದೇ ದುಬಾರಿ ಇಂಧನವನ್ನೇ ಕೊಂಡಿತು. ಆದರೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಅದು ಏರ್‌ಬಸ್ ಎ320 ಬಳಗದ ವಿಮಾನ ಬಿಟ್ಟು ಬೇರೆ ಇಟ್ಟುಕೊಳ್ಳಲಿಲ್ಲ, ಬಿಸಿನೆಸ್ ದರ್ಜೆ ಇಡಲಿಲ್ಲ, ಪುಕ್ಕಟೆ ಊಟ ಕೊಡಲಿಲ್ಲ. ಅದು ಬಿಟ್ಟ ಒಂದೊಂದೂ ಇನ್ನೊಂದಕ್ಕೆ ಆಸರೆಯಾಯಿತು. ಒಂದೇ ಬಗೆಯ ವಿಮಾನವಿದ್ದರೆ ಯಾವ ಪೈಲಟ್ ಯಾವುದನ್ನಾದರೂ ಹಾರಿಸಬಲ್ಲ, ಬಿಡಿಭಾಗಗಳ ದಾಸ್ತಾನು ಕಡಿಮೆ ಸಾಕು, ನೆಲಕ್ಕಿಳಿದ ವಿಮಾನ ಬೇಗ ಮತ್ತೆ ಮೇಲೇರುತ್ತದೆ.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದಿದೆ. ಗೆದ್ದವರ ಕಥೆ ಗೊತ್ತಾದ ಮೇಲೆ ಗೆಲುವಿಗೆ ಕಾರಣ ಹುಡುಕುವುದು ಸುಲಭ. ಸೋತಿದ್ದರೆ ಅದೇ ನಡೆಯನ್ನು ಮೂರ್ಖತನ ಎನ್ನುತ್ತಿದ್ದೆವು. ನಿರ್ವಹಣಾ ಶಾಸ್ತ್ರದ ಪ್ರಾಧ್ಯಾಪಕ ಫಿಲ್ ರೋಸೆನ್‌ಜ್ವೈಗ್ 2007ರಲ್ಲಿ ಇದರ ಮೇಲೆಯೇ ಪುಸ್ತಕ ಬರೆದರು. ಹೋಂಡಾ ಕಥೆ ಇನ್ನೂ ಕಟುವಾದ ಸಾಕ್ಷಿ. ಅಮೆರಿಕದಲ್ಲಿ ಹೋಂಡಾ ಬೈಕುಗಳ ಜಯಕ್ಕೆ ಕಡಿಮೆ ವೆಚ್ಚ, ಭಾರೀ ಉತ್ಪಾದನೆಯ ಲೆಕ್ಕಾಚಾರವೇ ಕಾರಣವೆಂದು ಬ್ರಿಟಿಷ್ ಸರ್ಕಾರಕ್ಕೆ 1975ರಲ್ಲಿ ಸಲ್ಲಿಸಿದ ವರದಿಯಲ್ಲಿ ಬಿಸಿಜಿ ಎಂಬ ಸಲಹಾ ಸಂಸ್ಥೆ ವಿವರಿಸಿತ್ತು. ರಿಚರ್ಡ್ ಪ್ಯಾಸ್ಕೇಲ್ ಹೋಂಡಾದ ಅಧಿಕಾರಿಗಳನ್ನೇ ಮಾತಾಡಿಸಿ 1984ರಲ್ಲಿ ಬರೆದದ್ದು ಬೇರೆಯೇ. 1959ರಲ್ಲಿ ಆ ಅಧಿಕಾರಿಗಳು ಅಮೆರಿಕಕ್ಕೆ ಹೋದದ್ದು ದೊಡ್ಡ ಬೈಕು ಮಾರಲು. ಅವು ಎಣ್ಣೆ ಸೋರಿ, ಕ್ಲಚ್ ಕೆಟ್ಟು ಹಿಂದಿರುಗಿದವು. ತಾವು ಓಡಾಡಲು ಇಟ್ಟುಕೊಂಡಿದ್ದ 50 ಸಿಸಿಯ ಸೂಪರ್ ಕಬ್‌ಗಳು ಜನರ ಕಣ್ಣಿಗೆ ಬಿದ್ದು ಕಂಪನಿಯನ್ನು ಉಳಿಸಿದವು.

ಹಾಗಾದರೆ ಕಲಿಸುವುದೇ ವ್ಯರ್ಥವೇ? ನನಗೆ ಹಾಗನ್ನಿಸುವುದಿಲ್ಲ. ಆಕ್ಷೇಪ ನಿಜವಾಗಿ ಮುಟ್ಟುವುದು ಕಲಿಸುವ ಕ್ರಮಕ್ಕೆ. ಕಿಂಗ್‌ಫಿಶರ್ ಪ್ರಕರಣವನ್ನು 2012ರಿಂದ ಹಿಂದಕ್ಕೆ ಓದಿಸಬಾರದು; 2007ರಲ್ಲಿ ನಿಲ್ಲಿಸಿ, ಅಂದಿಗೆ ತಿಳಿದಿದ್ದ ಸಂಗತಿಗಳನ್ನಷ್ಟೇ ಕೊಟ್ಟು, ಕೊಳ್ಳುವಿರಾ ಬಿಡುವಿರಾ ಎಂದು ಕೇಳಬೇಕು. ಕೊಳ್ಳುತ್ತೇನೆ ಎಂದ ವಿದ್ಯಾರ್ಥಿಯೂ ಒಳ್ಳೆಯ ಉತ್ತರ ಬರೆದಿರಬಹುದು. ಇಂಡಿಗೊವನ್ನು ಆರಾಧಿಸಬೇಕಾಗಿಯೂ ಇಲ್ಲ. 2025ರ ಡಿಸೆಂಬರ್‌ನಲ್ಲಿ ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ತಕ್ಕಷ್ಟು ಸಿಬ್ಬಂದಿಯಿಲ್ಲದೆ ಅದರ ಸಾವಿರಾರು ಹಾರಾಟ ರದ್ದಾದವು. ಬಿಗಿಯಾಗಿ ನಡೆಸಿದ್ದೇ ಲಾಭವಾಗಿದ್ದ ಸಂಸ್ಥೆಗೆ ಆ ಬಿಗಿಯೇ ಮುಳುವಾಯಿತು.

ಇನ್ನೊಂದು ಆಕ್ಷೇಪ ಕೆನಡಾದ ನಿರ್ವಹಣಾ ಚಿಂತಕ ಹೆನ್ರಿ ಮಿಂಟ್ಜ್‌ಬರ್ಗ್ ಅವರದು. ನಿರ್ವಹಣೆ ಅನುಭವದ ಕಸುಬು, ಕೆಲಸ ಮಾಡದವರಿಗೆ ತರಗತಿಯಲ್ಲಿ ಕೊಡಲಾಗದು ಎಂದು ಅವರು 2004ರ ಪುಸ್ತಕದಲ್ಲಿ ವಾದಿಸಿದರು. ಎಂಬಿಎಗೇ ಈ ಮಾತಾದರೆ ಇಪ್ಪತ್ತರ ಬಿಬಿಎ ಹುಡುಗಿಗೆ ಹೇಗೆ ಎನ್ನಬಹುದು. ಆಕೆ ನಾಳೆಯೇ ಕಂಪನಿಯ ಅಧ್ಯಕ್ಷೆಯಾಗುವುದಿಲ್ಲ, ನಿಜ. ಆದರೆ ಬ್ಯಾಂಕಿನಲ್ಲಿ ಸಾಲದ ಅರ್ಜಿ ಪರಿಶೀಲಿಸುತ್ತಾಳೆ, ಅಪ್ಪನ ಅಂಗಡಿಯನ್ನು ವಿಸ್ತರಿಸಬೇಕೇ ಎಂದು ಯೋಚಿಸುತ್ತಾಳೆ. ಬೆಂಗಳೂರಿನಲ್ಲಿ 1980ರ ದಶಕದಲ್ಲಿ ಬೇರೂರಿದ ದರ್ಶಿನಿಯನ್ನು ಆಕೆ ನೋಡಿಯೇ ಇರುತ್ತಾಳೆ: ಕುರ್ಚಿಯಿಲ್ಲ, ಬಡಿಸುವವರಿಲ್ಲ, ಮೊದಲೇ ದುಡ್ಡು ಕೊಟ್ಟು ತಟ್ಟೆ ತಾನೇ ತರಬೇಕು. ಸಣ್ಣ ಜಾಗದ ಬಾಡಿಗೆ ಗಿಟ್ಟುವುದು, ಬಿಸಿ ಇಡ್ಲಿ ಕಡಿಮೆ ದರಕ್ಕೆ ಸಿಗುವುದು ಈ ಇಲ್ಲಗಳಿಂದಲೇ. ಸಂಸಾರ ಸಮೇತ ಬಂದು ಗಂಟೆಗಟ್ಟಲೆ ಕೂರುವ ಗಿರಾಕಿಯನ್ನು ದರ್ಶಿನಿ ಬಿಟ್ಟುಕೊಟ್ಟಿದೆ. ಇದನ್ನು ಬಿಡಿಸಿ ನೋಡಲು ಅಧಿಕಾರದ ಅನುಭವ ಬೇಕಿಲ್ಲ, ಕೇಳುವ ಅಭ್ಯಾಸ ಸಾಕು.

ಅಧ್ಯಾಪಕರ ಕಷ್ಟವೂ ನಿಜವಾದದ್ದೇ. ನೂರಾರು ಕಾಲೇಜುಗಳ ಉತ್ತರಪತ್ರಿಕೆಗಳನ್ನು ಕೆಲವೇ ದಿನಗಳಲ್ಲಿ ತಿದ್ದುವಾಗ ಪಾಯಿಂಟು ಎಣಿಸುವ ಕ್ರಮ ನ್ಯಾಯವಾಗಿ ಕಾಣುತ್ತದೆ. ಅಭಿಪ್ರಾಯಕ್ಕೆ ಅಂಕ ಕೊಟ್ಟರೆ ತಿದ್ದುವವರ ಮರ್ಜಿ ನುಸುಳಬಹುದು. ಆದರೆ ಅಭಿಪ್ರಾಯ ಬಿಟ್ಟು ಅದರ ಆಧಾರವನ್ನು ಅಳೆಯಬಹುದು. ಉದಾಹರಣೆಗೆ, 2024ರ ನವೆಂಬರ್‌ನಲ್ಲಿ ಇಂಡಿಗೊ ದೆಹಲಿ–ಮುಂಬೈ ಮಾರ್ಗದಲ್ಲಿ ಬಿಸಿನೆಸ್ ದರ್ಜೆಯನ್ನು ತಂದಿತು, ಇಷ್ಟು ವರ್ಷ ಬೇಡವೆಂದದ್ದನ್ನೇ. ಈ ನಿರ್ಧಾರ ಸರಿಯೇ ಎಂಬ ಹತ್ತು ಅಂಕದ ಪ್ರಶ್ನೆಯನ್ನು ಆಂತರಿಕ ಪರೀಕ್ಷೆಯಲ್ಲಿ ಕೇಳಲು ಯಾವ ವಿಶ್ವವಿದ್ಯಾಲಯದ ಅಪ್ಪಣೆಯೂ ಬೇಕಾಗದು. ಸರಿ ಅಥವಾ ತಪ್ಪು ಎಂದದ್ದಕ್ಕೆ ಅಂಕವಿಲ್ಲ. ವೆಚ್ಚ, ಗಿರಾಕಿ, ಎದುರಾಳಿಗಳ ಕುರಿತು ಕೊಟ್ಟ ಪುರಾವೆಗೆ ಐದು, ಈ ಹೆಜ್ಜೆಯಿಂದ ಕಂಪನಿ ಕಳೆದುಕೊಳ್ಳುವುದೇನು ಎಂದು ಗುರುತಿಸಿದ್ದಕ್ಕೆ ಉಳಿದ ಐದು.